ಅಗ್ಗದ ಸ್ಟಾಕ್ ಚಿತ್ರ ಮಾರಾಟ: ಯಾವ ಚಿತ್ರ ಯಾವ ಅಂಗಡಿಗೆ?

ಹಾರ್ಡ್ ಡಿಸ್ಕ್ ತುಂಬ ಚಿತ್ರಗಳು ಸುಮ್ಮನೆ ಬಿದ್ದಿವೆ, ಸ್ಟಾಕ್ ತಾಣಗಳಿಗೆ, ಅಂದರೆ ಸಿದ್ಧ ಚಿತ್ರಗಳನ್ನು ಬಳಸುವ ಪರವಾನಗಿ ಮಾರುವ ಜಾಲತಾಣಗಳಿಗೆ, ಹಾಕಿದರೆ ನಾಲ್ಕು ಕಾಸು ಬಂದೀತೇ? ಕ್ಯಾಮೆರಾ ಹಿಡಿದು ಮೂರು ನಾಲ್ಕು ವರ್ಷವಾದವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ನನಗೆ ಬರೆಯುವವರಲ್ಲಿ ಕೆಲವರು ‘ಹತ್ತು ಸೆಂಟ್ ಕೊಡುವವರಿಗೆ ನನ್ನ ದುಡಿಮೆಯನ್ನು ಒಪ್ಪಿಸಬೇಕೇ’ ಎಂದು ನೊಂದು ಕೇಳುತ್ತಾರೆ. ಇನ್ನು ಕೆಲವರು ‘ಸಾವಿರ ಚಿತ್ರ ಹಾಕಿದರೆ ಈಗಿನ ಕೆಲಸ ಬಿಡಬಹುದೇ’ ಎಂದು ಆಸೆಯಿಂದ ಕೇಳುತ್ತಾರೆ. ಇಬ್ಬರಿಗೂ ನನ್ನದು ಒಂದೇ ಮಾತು: ತಾಣವನ್ನು ಆರಿಸುವ ಮೊದಲು ಚಿತ್ರಗಳನ್ನು ವಿಂಗಡಿಸಿಕೊಳ್ಳಿ. ಈ ವ್ಯವಹಾರದಲ್ಲಿ ನಾನು ಕಂಡ ದೊಡ್ಡ ನಷ್ಟಗಳೆಲ್ಲ ದರ ಕಡಿಮೆಯಾಗಿದ್ದರಿಂದ ಆದವಲ್ಲ. ಬೇರೆ ಬೇರೆ ಬೆಲೆಯ ಚಿತ್ರಗಳನ್ನು ಒಂದೇ ಬುಟ್ಟಿಗೆ ಸುರಿದದ್ದರಿಂದ ಆದವು.

ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಸಲ ಮಾರಾಟವಾದ ಚಿತ್ರ ಯಾವುದು ಗೊತ್ತೇ? ನಲ್ಲಿಯ ಕೆಳಗೆ ಸಾಬೂನು ಹಚ್ಚಿ ತೊಳೆಯುತ್ತಿರುವ ಎರಡು ಕೈಗಳು. ಕಿಟಕಿಯ ಬೆಳಕಿನಲ್ಲಿ, ಹತ್ತು ನಿಮಿಷದಲ್ಲಿ ತೆಗೆದದ್ದು. ಮೂರು ರಾತ್ರಿ ಚಳಿಯಲ್ಲಿ ಕಾದು ತೆಗೆದ ಬೆಟ್ಟದ ಸೂರ್ಯೋದಯ ಅದೇ ತಾಣದಲ್ಲಿ ಇಂದಿಗೂ ಒಂದು ಸಲವೂ ಮಾರಾಟವಾಗಿಲ್ಲ. ಇದರಲ್ಲಿ ಅನ್ಯಾಯವೇನೂ ಇಲ್ಲ. ಕೊಳ್ಳುವವರು ಸೌಂದರ್ಯವನ್ನು ಹುಡುಕಿಕೊಂಡು ಬಂದವರಲ್ಲ. ಆರೋಗ್ಯದ ಲೇಖನಕ್ಕೆ, ಶಾಲೆಯ ಕೈಪಿಡಿಗೆ, ಜಾಹೀರಾತಿಗೆ ಅವರಿಗೆ ಒಂದು ಚಿತ್ರ ಬೇಕು, ಅದರ ಪಕ್ಕದಲ್ಲಿ ಅಕ್ಷರ ಕೂರಿಸಲು ಖಾಲಿ ಜಾಗವೂ ಬೇಕು. ಸೂರ್ಯೋದಯಗಳು ಅಲ್ಲಿ ಲಕ್ಷಗಟ್ಟಲೆ ಇವೆ.

ಅಗ್ಗವಾದದ್ದು ಹೇಗೆ

ಹಿನ್ನೆಲೆ ತಿಳಿದರೆ ಇಂದಿನ ದರಗಳು ಅರ್ಥವಾಗುತ್ತವೆ. 2000ದಲ್ಲಿ ಬ್ರೂಸ್ ಲಿವಿಂಗ್‌ಸ್ಟೋನ್ ಕೆನಡಾದ ಕ್ಯಾಲ್ಗರಿಯಲ್ಲಿ ಐಸ್ಟಾಕ್‌ಫೋಟೋ ಆರಂಭಿಸಿದಾಗ ಅದು ಚಿತ್ರಗಳನ್ನು ಪರಸ್ಪರ ಹಂಚಿಕೊಳ್ಳುವ ಉಚಿತ ತಾಣವಾಗಿತ್ತು. ಆಮೇಲೆ ಚಿಲ್ಲರೆ ಕಾಸಿನ ಬೆಲೆ ಇಟ್ಟರು. ಅದುವರೆಗೆ ಒಂದು ಸ್ಟಾಕ್ ಚಿತ್ರಕ್ಕೆ ನೂರಾರು ಡಾಲರ್ ಕೊಡುತ್ತಿದ್ದ ಮಾರುಕಟ್ಟೆ ಬುಡಮೇಲಾಯಿತು. 2006ರಲ್ಲಿ ಚಿತ್ರ ಪರವಾನಗಿಯ ದೊಡ್ಡ ಕಂಪನಿ ಗೆಟ್ಟಿ ಇಮೇಜಸ್ ಆ ತಾಣವನ್ನು (ಇಂದಿನ ಐಸ್ಟಾಕ್) 5 ಕೋಟಿ ಡಾಲರಿಗೆ ಕೊಂಡಿತು. ಈ ನಡುವೆ, 2003ರಲ್ಲಿ, ಜಾನ್ ಓರಿಂಜರ್ ತಾವೇ ತೆಗೆದ ಸುಮಾರು 30,000 ಚಿತ್ರಗಳೊಂದಿಗೆ ಶಟರ್‌ಸ್ಟಾಕ್ ತೆರೆದು, ತಿಂಗಳ ಚಂದಾ ಕಟ್ಟಿದರೆ ಬೇಕಾದಷ್ಟು ಚಿತ್ರ ಇಳಿಸಿಕೊಳ್ಳಬಹುದು ಎಂಬ ಪದ್ಧತಿಯನ್ನು ಬೆಳೆಸಿದರು. ಚಂದಾ ಪದ್ಧತಿಯಲ್ಲಿ ಚಿತ್ರಕ್ಕೆ ತನ್ನದೇ ಆದ ಬೆಲೆ ಇರುವುದಿಲ್ಲ, ಚಂದಾದ ಒಂದು ತುಣುಕು ಮಾತ್ರ ಅದರ ಪಾಲಿಗೆ ಬರುತ್ತದೆ. ಇಂದಿನ ಹತ್ತು ಸೆಂಟ್, ಮೂವತ್ತು ಸೆಂಟ್‌ಗಳ ಮೂಲ ಅಲ್ಲಿದೆ.

ಮೊದಲ ಹತ್ತು ವರ್ಷಗಳಲ್ಲಿ ಗಾಳಿ ಬಂದಾಗ ತೂರಿಕೊಂಡವರು ಚೆನ್ನಾಗಿಯೇ ದುಡಿದರು. ಆಗ ಚಿತ್ರಗಳು ಕಡಿಮೆ, ಕೊಳ್ಳುವವರು ಹೆಚ್ಚುತ್ತಿದ್ದರು. ಅವರ ಅನುಭವವನ್ನು ಓದಿ ಇಂದು ಲೆಕ್ಕ ಹಾಕಬೇಡಿ.

ಮೊದಲು ಅಳತೆಗೋಲು

ಆಯ್ಕೆಗಳನ್ನು ತೂಗಲು ನಾನು ನಾಲ್ಕು ವಿಷಯ ನೋಡುತ್ತೇನೆ. ಅವುಗಳಲ್ಲಿ ಮೊದಲನೆಯದು ಉಳಿದ ಮೂರಕ್ಕಿಂತ ಮುಖ್ಯ, ಅದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಅದು ನಿಮ್ಮ ಗಂಟೆಯ ಬೆಲೆ. ‘ಚಿತ್ರ ಹೇಗೂ ಇದೆಯಲ್ಲ, ಹಾಕಿದರೆ ಬಂದದ್ದೇ ಲಾಭ’ ಎನ್ನುತ್ತಾರೆ. ಚಿತ್ರ ಇರುವುದು ನಿಜ, ಆದರೆ ಅದು ಮಾರಾಟಕ್ಕೆ ಸಿದ್ಧವಾಗಿಲ್ಲ. ಅದನ್ನು ಆರಿಸಬೇಕು, ದೂಳಿನ ಚುಕ್ಕೆ ಅಳಿಸಬೇಕು, ಕಂಪನಿಗಳ ಲಾಂಛನ ಕಂಡರೆ ತೆಗೆಯಬೇಕು, ಶೀರ್ಷಿಕೆ ಬರೆಯಬೇಕು, ಹುಡುಕುವವರಿಗೆ ಸಿಗುವಂತೆ ಮೂವತ್ತು ನಲವತ್ತು ಕೀವರ್ಡ್ ಕೊಡಬೇಕು. ಕೈ ಪಳಗಿದವರಿಗೂ ಒಂದು ಚಿತ್ರಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು. ಹನ್ನೆರಡೇ ಎಂದುಕೊಂಡರೆ ನೂರು ಚಿತ್ರಕ್ಕೆ ಇಪ್ಪತ್ತು ಗಂಟೆ. ನಿಮ್ಮ ಗಂಟೆಗೆ 10 ಡಾಲರ್ ಬೆಲೆ ಕಟ್ಟಿದರೆ ಆ ನೂರು ಚಿತ್ರ ಕನಿಷ್ಠ 200 ಡಾಲರ್ ತರಬೇಕು. ಒಂದು ಡೌನ್‌ಲೋಡ್‌ಗೆ 30 ಸೆಂಟ್ ಸಿಗುವುದಾದರೆ ಸುಮಾರು 670 ಡೌನ್‌ಲೋಡ್, ಅಂದರೆ ಚಿತ್ರವೊಂದಕ್ಕೆ ಸರಾಸರಿ ಆರೇಳು. 10 ಸೆಂಟ್ ಆದರೆ 2,000 ಡೌನ್‌ಲೋಡ್, ಚಿತ್ರಕ್ಕೆ ಇಪ್ಪತ್ತು. ನೂರರಲ್ಲಿ ಬಹುಪಾಲು ಚಿತ್ರಗಳು ಒಂದು ಸಲವೂ ಮಾರಾಟವಾಗುವುದಿಲ್ಲ, ಹೀಗಾಗಿ ನಾಲ್ಕೈದು ಚಿತ್ರಗಳು ಉಳಿದೆಲ್ಲವನ್ನೂ ಹೊರಬೇಕಾಗುತ್ತದೆ. ಈ ಲೆಕ್ಕದಲ್ಲಿ ಚಿತ್ರ ತೆಗೆಯಲು ಹೋದ ಸಮಯ, ಉಪಕರಣದ ಖರ್ಚು ಸೇರಿಯೇ ಇಲ್ಲ ಎಂಬುದನ್ನೂ ಗಮನಿಸಿ.

ಎರಡನೆಯದು ಹಕ್ಕು. ಅಗ್ಗದ ತಾಣಗಳಲ್ಲಿ ಮಾರಾಟವಾಗುವುದು ರಾಯಲ್ಟಿ ಫ್ರೀ ಪರವಾನಗಿ. ಹಾಗೆಂದರೆ ಚಿತ್ರ ಪುಕ್ಕಟೆ ಎಂದಲ್ಲ. ಕೊಂಡವರು ಒಮ್ಮೆ ಹಣ ಕೊಟ್ಟು ಮತ್ತೆ ಮತ್ತೆ, ಹಲವು ಕಡೆ, ಕಾಲಮಿತಿಯಿಲ್ಲದೆ ಬಳಸಬಹುದು ಎಂದರ್ಥ. ನೀವು ನಾಳೆ ಚಿತ್ರವನ್ನು ತಾಣದಿಂದ ತೆಗೆದುಹಾಕಿದರೂ ಈಗಾಗಲೇ ಕೊಂಡವರ ಹಕ್ಕು ಹೋಗುವುದಿಲ್ಲ. ಇದರಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. ತನಗಿಂತ ದೊಡ್ಡದಾಗಿ ಬೆಳೆದ ಕೋಗಿಲೆ ಜಾತಿಯ ಮರಿಗೆ ಪುಟ್ಟ ಹಕ್ಕಿಯೊಂದು ಗುಟುಕು ಕೊಡುವ ಚಿತ್ರ ನನ್ನಲ್ಲಿತ್ತು. ಹೊಸ ಹುರುಪಿನಲ್ಲಿ ಅದನ್ನೂ ಒಂದು ಚಂದಾ ತಾಣಕ್ಕೆ ಹಾಕಿದೆ. ಎರಡೋ ಮೂರೋ ಸಲ ಇಳಿಯಿತು, ಒಂದು ಡಾಲರ್ ಕೂಡ ಬರಲಿಲ್ಲ. ಮರುವರ್ಷ ಒಬ್ಬ ಪ್ರಕಾಶಕರು ಪುಸ್ತಕದ ಮುಖಪುಟಕ್ಕೆ ಅದೇ ಚಿತ್ರ ಕೇಳಿದರು, ಒಳ್ಳೆಯ ಹಣವನ್ನೇ ಕೊಡುವವರಿದ್ದರು. ಆದರೆ ಬೇರೆಲ್ಲೂ ಬಳಕೆಯಾಗಿಲ್ಲ, ಆಗುವುದೂ ಇಲ್ಲ ಎಂದು ಬರೆದುಕೊಡಬೇಕಿತ್ತು. ಹಾಗೆ ಬರೆದುಕೊಡಲು ನನ್ನಿಂದ ಸಾಧ್ಯವಾಗಲಿಲ್ಲ.

ಮೂರನೆಯದು ಒಪ್ಪಿಗೆ ಪತ್ರ. ಗುರುತು ಹಿಡಿಯಬಹುದಾದ ವ್ಯಕ್ತಿ ಚಿತ್ರದಲ್ಲಿದ್ದರೆ ವಾಣಿಜ್ಯ ಬಳಕೆಗೆ ಅವರ ಸಹಿಯಿರುವ ಮಾಡೆಲ್ ರಿಲೀಸ್ ಬೇಕು. ಖಾಸಗಿ ಆಸ್ತಿ, ಕಲಾಕೃತಿ, ಕೆಲವು ಕಟ್ಟಡಗಳಿಗೆ ಮಾಲೀಕರ ಒಪ್ಪಿಗೆ ಬೇಕು. ಐಫೆಲ್ ಗೋಪುರವನ್ನು ಹಗಲಿನಲ್ಲಿ ತೆಗೆದ ಚಿತ್ರಕ್ಕೆ ತೊಡಕಿಲ್ಲ, ಆದರೆ ರಾತ್ರಿಯ ದೀಪಾಲಂಕಾರಕ್ಕೆ ಪ್ರತ್ಯೇಕ ಕೃತಿಸ್ವಾಮ್ಯವಿದೆ. ಒಪ್ಪಿಗೆ ಪತ್ರವಿಲ್ಲದವು ಎಡಿಟೋರಿಯಲ್ ವಿಭಾಗಕ್ಕೆ ಹೋಗುತ್ತವೆ, ಅಂದರೆ ಸುದ್ದಿ, ಲೇಖನ, ಪಠ್ಯಗಳಿಗೆ ಮಾತ್ರ. ನಿಮ್ಮ ಹಳೆಯ ಸಂಗ್ರಹವೆಲ್ಲ ಬೀದಿಯ ಜನರ ಚಿತ್ರಗಳಾಗಿದ್ದರೆ ಅರ್ಧ ಬಾಗಿಲು ಮುಚ್ಚಿದಂತೆಯೇ.

ನಾಲ್ಕನೆಯದು ಹಣ ಕೈಗೆ ಬರುವ ಹಾದಿ. ಪ್ರತಿ ತಾಣವೂ ಇಂತಿಷ್ಟು ಸೇರಿದ ಮೇಲಷ್ಟೇ ಹಣ ಕಳುಹಿಸುತ್ತದೆ. ಅಡೋಬಿ ಸ್ಟಾಕ್‌ನಲ್ಲಿ ಆ ಮಿತಿ 25 ಡಾಲರ್, ಡ್ರೀಮ್ಸ್‌ಟೈಮ್‌ನಲ್ಲಿ 100. ನಿಧಾನವಾಗಿ ಮಾರುವ ಹತ್ತು ತಾಣಗಳಲ್ಲಿ ಹತ್ತು ಹತ್ತು ಡಾಲರ್ ಸಿಕ್ಕಿಕೊಂಡರೆ ಲೆಕ್ಕದಲ್ಲಿ ನೂರು ಡಾಲರ್, ಕೈಯಲ್ಲಿ ಸೊನ್ನೆ. ಅಮೆರಿಕದ ತಾಣಗಳಾದರೆ ಹೊರದೇಶದವರು ಡಬ್ಲ್ಯು-8ಬೆನ್ ಎಂಬ ತೆರಿಗೆ ನಮೂನೆ ತುಂಬಬೇಕು, ಇಲ್ಲದಿದ್ದರೆ ಅಮೆರಿಕದಲ್ಲಾದ ಮಾರಾಟದ ಪಾಲಿನಲ್ಲಿ ಹೆಚ್ಚಿನ ತೆರಿಗೆ ಕಡಿತವಾಗುತ್ತದೆ.

ಚಂದಾ ತಾಣಗಳು: ಹಲವು ಕಡೆ ಒಟ್ಟಿಗೆ

ಇದು ಎಲ್ಲರಿಗೂ ತೆರೆದ ಬಾಗಿಲು. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಐಸ್ಟಾಕ್, ಡ್ರೀಮ್ಸ್‌ಟೈಮ್ ಎಲ್ಲಕ್ಕೂ ಒಂದೇ ಚಿತ್ರ ಹಾಕಬಹುದು. ದರಗಳಲ್ಲಿ ಮಾತ್ರ ಅಜಗಜಾಂತರ.

ಅಡೋಬಿ 2015ರಲ್ಲಿ ಫೋಟೋಲಿಯಾ ಕಂಪನಿಯನ್ನು 80 ಕೋಟಿ ಡಾಲರಿಗೆ ಕೊಂಡು ಈ ಕ್ಷೇತ್ರಕ್ಕೆ ಬಂತು. ಅಲ್ಲಿ ಚಿತ್ರಕ್ಕೆ 33 ಶೇಕಡಾ, ವಿಡಿಯೋಗೆ 35 ಶೇಕಡಾ ರಾಯಧನ. ಹೊಸಬರಿಗೂ ಹಳಬರಿಗೂ ಅದೇ ಶೇಕಡಾವಾರು. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ತನ್ನ ಪದ್ಧತಿ ಬದಲಿಸಿ 15ರಿಂದ 40 ಶೇಕಡಾವರೆಗಿನ ಆರು ಮೆಟ್ಟಿಲು ಮಾಡಿತು. ವರ್ಷದ ಮೊದಲ ನೂರು ಮಾರಾಟಕ್ಕೆ 15 ಶೇಕಡಾ, ಮಾರಾಟ ಹೆಚ್ಚಿದಂತೆ ಪಾಲೂ ಏರುತ್ತದೆ. ತೊಂದರೆ ಏನೆಂದರೆ ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಬರುತ್ತಾರೆ. ಸಾವಿರಾರು ಚಿತ್ರ ಇಟ್ಟುಕೊಂಡವರು ಫೆಬ್ರವರಿಯೊಳಗೆ ಮೇಲೇರುತ್ತಾರೆ. ಇನ್ನೂರು ಚಿತ್ರ ಇರುವವರು ವರ್ಷಪೂರ್ತಿ ಅಲ್ಲೇ ಉಳಿಯುತ್ತಾರೆ, ಹತ್ತು ಸೆಂಟ್‌ಗಳ ಸಾಲನ್ನು ನೋಡುತ್ತ. ದೊಡ್ಡ ಕೃಷಿ ಮಾಡುವವರಿಗೆ ಅನುಕೂಲ, ಸಣ್ಣವರಿಗೆ ಪೆಟ್ಟು ಎಂಬುದು ನನ್ನ ಖಚಿತ ಅಭಿಪ್ರಾಯ. ಐಸ್ಟಾಕ್‌ನಲ್ಲಿ ಬೇರೆ ಕಡೆಯೂ ಮಾರುವವರಿಗೆ ಚಿತ್ರದ ಪಾಲು 15 ಶೇಕಡಾ.

ಹಾಗಾಗಿ ಹೊಸದಾಗಿ ಆರಂಭಿಸುವವರು ಅಡೋಬಿ ಸ್ಟಾಕ್ ಒಂದರಿಂದಲೇ ಶುರು ಮಾಡಿ ಎನ್ನುತ್ತೇನೆ. ಸಾವಿರ ದಾಟಿದ ಸಂಗ್ರಹ ಆದಮೇಲೆ ಶಟರ್‌ಸ್ಟಾಕ್ ಸೇರಿಸಿಕೊಳ್ಳಿ. ಕೀವರ್ಡ್‌ಗಳನ್ನು ಫೈಲಿನ ಒಳಗೇ ಬರೆದಿಟ್ಟರೆ ಎರಡನೆಯ ತಾಣಕ್ಕೆ ಹಾಕಲು ಹೆಚ್ಚು ಶ್ರಮವಿಲ್ಲ. ಅಡೋಬಿಯಲ್ಲಿ ಕೀವರ್ಡ್‌ಗಳ ಕ್ರಮಕ್ಕೂ ಬೆಲೆಯಿದೆ, ಮೊದಲ ಹತ್ತು ಪದಗಳು ಹುಡುಕಾಟದಲ್ಲಿ ಹೆಚ್ಚು ತೂಗುತ್ತವೆ. ‘ಸುಂದರ’, ‘ಪ್ರಕೃತಿ’ ಇಂಥವನ್ನು ಅಲ್ಲಿ ತುಂಬಿ ಜಾಗ ಹಾಳು ಮಾಡಬೇಡಿ.

ಈ ಬುಟ್ಟಿಗೆ ಹೋಗಬೇಕಾದ ಚಿತ್ರಗಳು ಯಾವುವು? ತೆಗೆಯಲು ಖರ್ಚಿಲ್ಲದವು, ಮತ್ತೆ ಬೇಕಾದರೆ ನಾಳೆಯೇ ತೆಗೆಯಬಹುದಾದವು, ಆದರೆ ಯಾರಿಗಾದರೂ ಉಪಯೋಗಕ್ಕೆ ಬರುವಂಥವು. ಕೈಗಳು, ಉಪಕರಣಗಳು, ದುರಸ್ತಿ ಕೆಲಸ, ವಯಸ್ಸಾದವರು ಮೊಬೈಲ್ ಹಿಡಿದಿರುವುದು, ಬಿರುಕು ಬಿಟ್ಟ ಗೋಡೆ, ಮಳೆಯ ನೀರು ತುಂಬಿದ ಹೊಂಡ. ಇಂಥವನ್ನು ಹನಿ ಹನಿಯಾಗಿ ಸೇರಿಸುತ್ತ ಹೋದರೆ ಹಳ್ಳವಾಗುತ್ತದೆ, ಆದರೆ ಹನಿ ನಿಲ್ಲಬಾರದು. ಹೊಸ ಚಿತ್ರ ಹಾಕುವುದು ನಿಂತ ಆರೇಳು ತಿಂಗಳಲ್ಲಿ ನನ್ನ ಆದಾಯ ಇಳಿಯತೊಡಗಿದ್ದನ್ನು ಎರಡು ಸಲ ಕಂಡಿದ್ದೇನೆ.

ಒಂದೇ ತಾಣಕ್ಕೆ ಕಟ್ಟುಬಿದ್ದರೆ

ಐಸ್ಟಾಕ್‌ಗೆ ಮಾತ್ರ ಕೊಡುತ್ತೇನೆ ಎಂದು ಒಪ್ಪಂದ ಮಾಡಿಕೊಂಡರೆ ಚಿತ್ರದ ಪಾಲು 25ರಿಂದ 45 ಶೇಕಡಾವರೆಗೆ ಏರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಈ ಕಟ್ಟು ಒಂದೊಂದು ಚಿತ್ರಕ್ಕೆ ಅಲ್ಲ, ನಿಮ್ಮ ಎಲ್ಲ ರಾಯಲ್ಟಿ ಫ್ರೀ ಚಿತ್ರಗಳಿಗೂ ಬೀಳುತ್ತದೆ. ಒಬ್ಬನೇ ಧಣಿಯ ಮರ್ಜಿಯ ಮೇಲೆ ಆದಾಯ ನಿಲ್ಲುತ್ತದೆ. ದರ ಬದಲಾದ ದಿನ ಬೇರೆ ಅಂಗಡಿಗಳಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಈಗಾಗಲೇ ಆ ತಾಣದಲ್ಲಿ ಮುಕ್ಕಾಲು ಪಾಲು ಆದಾಯ ಬರುತ್ತಿದ್ದವರು ಬಿಟ್ಟರೆ ಬೇರೆ ಯಾರಿಗೂ ನಾನು ಇದನ್ನು ಹೇಳುವುದಿಲ್ಲ.

ಮಧ್ಯಮ ದಾರಿ: ಅಲಾಮಿ

1999ರಲ್ಲಿ ಬ್ರಿಟನ್‌ನಲ್ಲಿ ಹುಟ್ಟಿದ ಅಲಾಮಿಯನ್ನು 2020ರಲ್ಲಿ ಅಲ್ಲಿಯದೇ ಸುದ್ದಿಸಂಸ್ಥೆ ಪಿಎ ಮೀಡಿಯಾ ಗ್ರೂಪ್ ಕೊಂಡಿತು. ಪತ್ರಿಕೆ, ಪುಸ್ತಕ ಪ್ರಕಾಶಕರು ಇಲ್ಲಿಯ ಮುಖ್ಯ ಗಿರಾಕಿಗಳು. ಮಾರಾಟ ವಿರಳ, ಆದರೆ ಒಂದೊಂದು ಮಾರಾಟ ಡಾಲರ್‌ಗಳಲ್ಲಿ, ಕೆಲವೊಮ್ಮೆ ಹತ್ತಾರು ಡಾಲರ್‌ಗಳಲ್ಲಿ ಇರುತ್ತದೆ. ಒಪ್ಪಿಗೆ ಪತ್ರವಿಲ್ಲದ ಚಿತ್ರಗಳಿಗೆ ಇಲ್ಲಿ ಜಾಗವಿದೆ: ಬೀದಿ, ಮಾರುಕಟ್ಟೆ, ಮೆರವಣಿಗೆ, ಕಣ್ಮರೆಯಾಗುತ್ತಿರುವ ಕಸುಬು, ಹೆಸರಿನ ಸಮೇತ ಗುರುತಿಸಿದ ಗಿಡ, ಕೀಟ. ತಾಂತ್ರಿಕ ಗುಣಮಟ್ಟ ಪರೀಕ್ಷಿಸುತ್ತಾರೆ, ಆದರೆ ‘ಇಂಥ ಚಿತ್ರ ನಮ್ಮಲ್ಲಿ ಬೇಕಾದಷ್ಟಿದೆ’ ಎಂದು ತಳ್ಳಿಹಾಕುವುದಿಲ್ಲ.

2021ರ ಜುಲೈನಿಂದ ಇಲ್ಲೂ ಮೆಟ್ಟಿಲುಗಳು ಬಂದಿವೆ. ವರ್ಷಕ್ಕೆ ಒಟ್ಟು 250 ಡಾಲರ್ ಮಾರಾಟವಾಗದವರ ಪಾಲು 20 ಶೇಕಡಾಕ್ಕೆ ಇಳಿಯುತ್ತದೆ, ದಾಟಿದವರಿಗೆ 40. ಆದ್ದರಿಂದ ಐವತ್ತು ಚಿತ್ರ ಹಾಕಿ ಮರೆತುಬಿಡುವವರಿಗೆ ಇದು ಮೊದಲಿನಷ್ಟು ಲಾಭದಾಯಕವಲ್ಲ. ಆದರೆ ಯಾವುದಾದರೂ ಒಂದು ವಿಷಯವನ್ನು ಆಳವಾಗಿ ಬಲ್ಲವರಿಗೆ ಇದು ಒಳ್ಳೆಯ ಮನೆ. ಜೇಡಗಳ ಮೇಲೆ ಐನೂರು ಚಿತ್ರ, ಪ್ರತಿಯೊಂದಕ್ಕೂ ವೈಜ್ಞಾನಿಕ ಹೆಸರು, ಸ್ಥಳ, ತಿಂಗಳು ಬರೆದಿಟ್ಟವರನ್ನು ಪಠ್ಯಪುಸ್ತಕದ ಸಂಪಾದಕರು ಹುಡುಕಿಕೊಂಡು ಬರುತ್ತಾರೆ. ಇಲ್ಲಿ ಚಿತ್ರದಷ್ಟೇ ಬೆಲೆ ಅದರ ಅಡಿಬರಹಕ್ಕೂ ಇದೆ.

ಒಂದು ಎಚ್ಚರಿಕೆ: ಅದೇ ಚಿತ್ರವನ್ನು ಚಂದಾ ತಾಣದಲ್ಲೂ ಇಟ್ಟು ಇಲ್ಲಿ ಐವತ್ತು ಡಾಲರಿಗೆ ಮಾರಬಹುದೆಂದು ಕಾಯಬೇಡಿ. ನಿಯಮ ಅದನ್ನು ತಡೆಯುವುದಿಲ್ಲ, ಆದರೆ ಚಿತ್ರದಿಂದಲೇ ಚಿತ್ರ ಹುಡುಕುವ ಸೌಲಭ್ಯ ಇಂದು ಎಲ್ಲರ ಕೈಯಲ್ಲಿದೆ.

ಆಯ್ದವರಿಗೆ ಮಾತ್ರ: ಸ್ಟಾಕ್ಸಿ

ಅಗ್ಗದ ಚಿತ್ರಗಳ ಹೊಳೆ ಹರಿಸಿದ ಲಿವಿಂಗ್‌ಸ್ಟೋನ್ ಅವರೇ ಮುಂದೆ ಬ್ರಿಯಾನಾ ವೆಟ್ಲಾಫರ್ ಅವರೊಂದಿಗೆ ಸೇರಿ ಸ್ಟಾಕ್ಸಿ ಕಟ್ಟಿದರು ಎಂಬುದು ನನ್ನನ್ನು ಯೋಚನೆಗೆ ಹಚ್ಚುವ ಸಂಗತಿ. 2013ರಲ್ಲಿ ಆರಂಭವಾದ ಇದು ಸಹಕಾರಿ ಸಂಘ, ಛಾಯಾಗ್ರಾಹಕರೇ ಸದಸ್ಯರು. ಸಾಮಾನ್ಯ ಪರವಾನಗಿಯಲ್ಲಿ 50 ಶೇಕಡಾ, ಹೆಚ್ಚಿನ ಬಳಕೆಗೆ ಅವಕಾಶ ಕೊಡುವ ವಿಸ್ತೃತ ಪರವಾನಗಿಯಲ್ಲಿ 75 ಶೇಕಡಾ ಛಾಯಾಗ್ರಾಹಕರಿಗೆ ಹೋಗುತ್ತದೆ. ಈ ಪಟ್ಟಿಯಲ್ಲಿ ಇಷ್ಟು ಉದಾರವಾದದ್ದು ಮತ್ತೊಂದಿಲ್ಲ.

ಬಾಗಿಲು ಮಾತ್ರ ಕಿರಿದು. ಅರ್ಜಿ ಹಾಕಿದವರಲ್ಲಿ ಕೆಲವರನ್ನಷ್ಟೇ ತೆಗೆದುಕೊಳ್ಳುತ್ತಾರೆ, ಇಲ್ಲಿ ಕೊಟ್ಟ ಚಿತ್ರ ಬೇರೆಲ್ಲೂ ಇರಕೂಡದು. ಕೃತಕ ನಗು, ಕೈಕುಲುಕುವ ಕಚೇರಿಯವರು, ಬಿಳಿ ಹಿನ್ನೆಲೆ ಇಲ್ಲಿ ನಡೆಯುವುದಿಲ್ಲ. ನಿಮ್ಮದೇ ಆದ ಬೆಳಕಿನ ಒಲವು, ಒಪ್ಪಿಗೆ ಪತ್ರ ಕೊಡುವ ಸ್ನೇಹಿತರ ಬಳಗ, ಚಿತ್ರೀಕರಣಕ್ಕೆಂದೇ ಒಂದು ದಿನ ಮೀಸಲಿಡುವ ಶಿಸ್ತು ಇದ್ದರೆ ಪ್ರಯತ್ನಿಸಲೇಬೇಕು. ಅರ್ಜಿಗೆ ಮೊದಲು ಅಂಥ ಚಿತ್ರಗಳನ್ನು ಚಂದಾ ತಾಣಗಳಿಗೆ ಹಾಕಿ ಕೆಡಿಸಿಕೊಳ್ಳಬೇಡಿ.

ನೇರ ಮಾರಾಟ

ನಿಮ್ಮದೇ ಜಾಲತಾಣದಿಂದ ಪರವಾನಗಿ ಮಾರಿದರೆ ಪೂರ್ತಿ ಹಣ ನಿಮ್ಮದು. ಗಿರಾಕಿಯನ್ನು ಹುಡುಕುವ ಕೆಲಸವೂ ಪೂರ್ತಿ ನಿಮ್ಮದೇ. ಕಾದಿರಿಸಿದ ನೂರು ಅಪರೂಪದ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಳಕೆಯ ಉದ್ದೇಶ, ಗಾತ್ರ, ಅವಧಿ, ಪ್ರದೇಶ ಈ ನಾಲ್ಕನ್ನು ಬರೆಸಿಕೊಂಡು ಬೆಲೆ ಹೇಳುವುದನ್ನು ಕಲಿತರೆ ಸಾಕು. ವರ್ಷಕ್ಕೆ ಎರಡೇ ಮಾರಾಟವಾದರೂ ಚಂದಾ ತಾಣದ ವರ್ಷದ ಗಳಿಕೆಯನ್ನು ಅದು ಮೀರಿಸಬಲ್ಲದು. ನನ್ನ ವಿಷಯದಲ್ಲಿ ಹಾಗೆ ಆಗಿದೆ.

ಉಚಿತ ತಾಣಗಳ ಬಗ್ಗೆ ಒಂದೇ ಮಾತು. ಅನ್‌ಸ್ಪ್ಲ್ಯಾಶ್‌ನಂಥ ಕಡೆ ಹಾಕಿದರೆ ಹೆಸರು ಬರುತ್ತದೆ ಎನ್ನುತ್ತಾರೆ. ಅಲ್ಲಿ ಹೆಸರು ಹಾಕುವುದು ಬಳಸುವವರಿಗೆ ಕಡ್ಡಾಯವೇ ಅಲ್ಲ, ಮತ್ತು ಆ ತಾಣವನ್ನು 2021ರಲ್ಲಿ ಗೆಟ್ಟಿ ಕೊಂಡಿದೆ. ಸಂತೋಷಕ್ಕೆ ಕೊಡುವುದಾದರೆ ಕೊಡಿ, ಆದಾಯದ ದಾರಿ ಎಂದು ಕೊಡಬೇಡಿ.

ಯಂತ್ರ ಬಿಡಿಸುವ ಚಿತ್ರಗಳ ಕಾಲದಲ್ಲಿ

2022ರ ಸೆಪ್ಟೆಂಬರಿನಲ್ಲಿ ಗೆಟ್ಟಿ ಕೃತಕ ಬುದ್ಧಿಮತ್ತೆಯ ಚಿತ್ರಗಳನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಡೋಬಿ ಸ್ಟಾಕ್ ಅವುಗಳಿಗೆ ಬಾಗಿಲು ತೆರೆಯಿತು. ತನ್ನ ಸಂಗ್ರಹದ ಚಿತ್ರಗಳನ್ನೇ ಬಳಸಿ ಫೈರ್‌ಫ್ಲೈ ಎಂಬ ಚಿತ್ರಯಂತ್ರವನ್ನೂ ತರಬೇತುಗೊಳಿಸಿತು, ಚಿತ್ರ ಕೊಟ್ಟವರಿಗೆ ಅದರ ಬಾಬ್ತು ಒಂದಿಷ್ಟು ಹಣ ಕೊಟ್ಟಿದೆ. ನೀವು ಚಿತ್ರ ಹಾಕುವಾಗ ಈ ಷರತ್ತನ್ನೂ ಒಪ್ಪುತ್ತಿದ್ದೀರಿ ಎಂಬ ಅರಿವಿರಲಿ.

ಇದರ ಪರಿಣಾಮ ಎಲ್ಲ ಚಿತ್ರಗಳ ಮೇಲೂ ಒಂದೇ ರೀತಿ ಆಗುವುದಿಲ್ಲ. ಬಿಳಿ ಹಿನ್ನೆಲೆಯ ಹಣ್ಣು, ಬೆಳಕಿನ ಗೋಳ, ನಗುವ ಕುಟುಂಬ ಇವನ್ನು ಯಂತ್ರ ಕ್ಷಣದಲ್ಲಿ ಬಿಡಿಸುತ್ತದೆ. ನಿರ್ದಿಷ್ಟ ದಿನ, ನಿರ್ದಿಷ್ಟ ಜಾಗದಲ್ಲಿ ನಿಜವಾಗಿ ನಡೆದದ್ದನ್ನು ಅದು ಬಿಡಿಸಲಾರದು, ಬಿಡಿಸಿದರೂ ಪತ್ರಿಕೆಗೆ ಅದು ಬೇಡ. ಹಾಗಾಗಿ ಮುಂದಿನ ವರ್ಷಗಳಿಗೆ ಸಂಗ್ರಹ ಕಟ್ಟುವವರು ಸಾಕ್ಷಿಯಾಗಬಲ್ಲ ಚಿತ್ರಗಳತ್ತ ಹೊರಳುವುದು ಕ್ಷೇಮ.

ನೀವು ಯಾರು?

ವಿದ್ಯಾರ್ಥಿಯಾಗಿದ್ದು ಕೈಯಲ್ಲಿ ಮೊಬೈಲ್ ಅಥವಾ ಹಳೆಯ ಕ್ಯಾಮೆರಾ ಇದ್ದರೆ ಅಡೋಬಿ ಸ್ಟಾಕ್‌ನಲ್ಲಿ ಶುರು ಮಾಡಿ, ನಾಲ್ಕು ಮೆಗಾಪಿಕ್ಸೆಲ್ ದಾಟಿದ ಸ್ವಚ್ಛ ಚಿತ್ರ ಸಾಕು. ಬರುವ ಹಣ ಮೆಮೊರಿ ಕಾರ್ಡಿಗೆ ಆಗಬಹುದು. ಅದಕ್ಕಿಂತ ದೊಡ್ಡ ಲಾಭ ತಿರಸ್ಕೃತವಾದ ಚಿತ್ರಗಳಿಂದ ಬರುತ್ತದೆ. ಫೋಕಸ್ ತಪ್ಪಿದ್ದು, ನೆರಳಿನಲ್ಲಿ ಕಾಳುಕಾಳಾದದ್ದು ನಿಮ್ಮ ಕಣ್ಣಿಗೇ ಕಾಣತೊಡಗುತ್ತದೆ.

ಮದುವೆ ಅಥವಾ ಜಾಹೀರಾತು ಚಿತ್ರೀಕರಣದಿಂದ ಜೀವನ ನಡೆಸುವವರಿಗೆ ಸ್ಟಾಕ್ ಲಾಭದಾಯಕವಾಗುವುದು ಅಪರೂಪ. ನಿಮ್ಮ ಇಪ್ಪತ್ತು ಗಂಟೆಗೆ ಒಬ್ಬ ಹೊಸ ಗಿರಾಕಿ ಸಿಕ್ಕರೆ ಲೆಕ್ಕ ಅಲ್ಲೇ ಮುಗಿಯಿತು. ಗಿರಾಕಿಗಳ ಚಿತ್ರಗಳನ್ನಂತೂ ಅವರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಒಂದು ವಿಷಯದ ಬೆನ್ನು ಹತ್ತಿದವರು ಅಲಾಮಿ ಮತ್ತು ನೇರ ಮಾರಾಟವನ್ನು ಜೋಡಿಸಿಕೊಳ್ಳಲಿ.

ಕೆಲಸ ಬಿಟ್ಟು ಇದನ್ನೇ ಹಿಡಿಯುತ್ತೇನೆ ಎನ್ನುವವರಿಗೆ ಬೇಡ ಎಂದೇ ಹೇಳುತ್ತೇನೆ. ಅದಕ್ಕೆ ಸಾವಿರಾರು ಚಿತ್ರ, ವಿಡಿಯೋ, ರೂಪದರ್ಶಿಗಳಿಗೆ ಸಂಬಳ, ಪ್ರತಿದಿನದ ದುಡಿಮೆ ಬೇಕು. ಅಷ್ಟು ದುಡಿದ ಮೇಲೂ ದರ ನಿಗದಿ ಮಾಡುವವರು ಬೇರೆಯವರು.

ಇಷ್ಟಾದ ಮೇಲೂ ಮನಸ್ಸು ತೂಗುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಸಂಗ್ರಹದಿಂದ ಇನ್ನೂರು ಚಿತ್ರ ಆರಿಸಿ. ಮತ್ತೆ ತೆಗೆಯಲಾಗದ ಚಿತ್ರಗಳನ್ನು ಮೊದಲೇ ಬೇರೆ ಫೋಲ್ಡರಿಗೆ ಹಾಕಿ ಅದನ್ನು ಮುಟ್ಟಬೇಡಿ. ಉಳಿದವನ್ನು ಮೂರು ತಿಂಗಳಲ್ಲಿ ಸಿದ್ಧಪಡಿಸಿ ಹಾಕಿ, ಕೂತ ಪ್ರತಿ ಗಂಟೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹನ್ನೆರಡು ತಿಂಗಳ ನಂತರ ಬಂದ ಹಣವನ್ನು ಆ ಗಂಟೆಗಳಿಂದ ಭಾಗಿಸಿ, ಯಾವ ಹತ್ತು ಚಿತ್ರ ಮಾರಾಟವಾದವು ಎಂದು ನೋಡಿ. ಆ ಹತ್ತರಲ್ಲಿ ಒಂದು ಸಮಾನ ಗುಣ ಕಂಡರೆ ಮುಂದಿನ ಇನ್ನೂರನ್ನು ಅದೇ ಜಾಡಿನಲ್ಲಿ ತೆಗೆಯಬಹುದು. ಏನೂ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ. ಹಾಕಿದ ಚಿತ್ರಗಳು ಅಲ್ಲೇ ಇರಲಿ, ನೀವು ಆ ಬೇರೆ ಫೋಲ್ಡರನ್ನು ತೆರೆದು ಮೊದಲ ಪ್ರಕಾಶಕರಿಗೆ ಪತ್ರ ಬರೆಯಲು ಕೂರಿ.